ಒಂದು ಹಿಡಿ ಹುಲ್ಲು

ಬಿಳಿಕೆರೆ
14 ಜೂನ್ 2024

ಅಪ್ಪನಿಗೆ ಮಧುಶ್ರೀಯ ನಮಸ್ಕಾರ.

ಫೋನ್ ಮಾಡಬೇಡ ಅಂದಿರಿ, ಮಾಡುತ್ತಿಲ್ಲ. ಕಾಗದ ಬರೆಯಬೇಡ ಅಂತ ಮಾತ್ರ ನೀವು ಹೇಳಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಎರಡು ಬಸ್ಸು ಬದಲಾಯಿಸಿದರೆ ಬೆಟ್ಟದಪುರಕ್ಕೇ ಬಂದು ಎದುರಿಗೆ ಕೂತು ಹೇಳಬಹುದಿತ್ತು. ಧೈರ್ಯ ಬರಲಿಲ್ಲ. ಯುಗಾದಿ ದಿನ ಕೊಟ್ಟಿಗೆಯಲ್ಲಿ ಕೆಂಪಿಯ ಕತ್ತು ಸವರೋಕೆ ಹೋದಾಗ "ಇಲಿ ಕೊಯ್ಯೋ ಕೈಲಿ ನನ್ನ ದನ ಮುಟ್ಟಬೇಡ" ಅಂದಿರಿ. ಅಮ್ಮ ಒಬ್ಬಟ್ಟಿನ ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟಳು. ನಾನು ಊಟ ಮಾಡದೆ ಬಸ್ಸು ಹತ್ತಿದೆ. ಹುಣಸೂರು ಬರುವವರೆಗೂ ಅತ್ತೆ.

ಮೂವತ್ತೊಂದು ವರ್ಷ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು ನೀವು. ನಿಮ್ಮ ಮಗಳು ಕತ್ತರಿ ಹಿಡಿದು ಏನು ಮಾಡುತ್ತಾಳೆ ಅಂತ ಒಂದು ಸಲವೂ ಕೇಳಲಿಲ್ಲವಲ್ಲ, ಅದೇ ನನಗೆ ಬೇಜಾರು. ಹೇಳುತ್ತೇನೆ, ಕೇಳಿ. ನಮ್ಮ ಸಂಸ್ಥೆಯಲ್ಲಿ ಮಂಡಿ ಸವೆತಕ್ಕೆ ಒಂದು ಔಷಧಿ ಪರೀಕ್ಷೆ ಮಾಡುತ್ತಿದ್ದೇವೆ. ಅಮ್ಮನಿಗೆ ಇದೆಯಲ್ಲ, ಅದೇ ಸವೆತ. ಔಷಧಿ ಹಿಡಿಯುತ್ತದೋ ಇಲ್ಲವೋ ನೋಡಬೇಕಾದರೆ ಮೊದಲು ಇಲಿಗೆ ಅದೇ ಕಾಯಿಲೆ ಬರಬೇಕು. ಅದಕ್ಕೆ ಇಲಿಯನ್ನು ಪ್ರಜ್ಞೆ ತಪ್ಪಿಸಿ, ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಒಂದು ಸಣ್ಣ ಕಟ್ಟನ್ನು ಕತ್ತರಿಸಿ, ಹೊಲಿಗೆ ಹಾಕುತ್ತೇವೆ. ನೋವಿಗೆ ಮೊದಲೇ ಸೂಜಿ ಕೊಟ್ಟಿರುತ್ತೇವೆ. ಪ್ರಾಣಿಗಳ ಸಮಿತಿ ಅಂತ ಒಂದಿದೆ, ಅವರು ಒಪ್ಪಿ ಬರೆದುಕೊಟ್ಟ ಕ್ರಮದಲ್ಲೇ ಎಲ್ಲ ನಡೆಯಬೇಕು.

ಮುಂದಿನ ವಾರದಿಂದ ಆಪರೇಷನ್ ಮಾಡುವುದು ನಾನೇ. ಚಿಕ್ಕವಳಿದ್ದಾಗ ನಿಮ್ಮ ಹಿಂದೆ ಸುತ್ತಿ ಕಲಿತದ್ದು ಒಂದೂ ಮರೆತಿಲ್ಲ. ಕತ್ತಿ ಮುಟ್ಟುವ ಹಿಂದಿನ ದಿನ ಮೇವು ಮುಟ್ಟಬಾರದು ಅನ್ನುತ್ತಿದ್ದಿರಲ್ಲ, ಅದನ್ನೂ.

ಇನ್ನೊಂದು ಮಾತು. ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಗಲೇಬೇಕು ಅಂತ ಮೈಸೂರಿನ ಡಾಕ್ಟರು ಮಾರ್ಚಿನಲ್ಲೇ ಹೇಳಿದರು. ನೀವು ಚಪ್ಪಲಿ ಮೆಟ್ಟಿಕೊಂಡು ಎದ್ದು ಬಂದಿರಿ. ಏನು ಯೋಚನೆ ಮಾಡಿದ್ದೀರಿ?

ನಿಮ್ಮ ಮಗಳು
ಮಧುಶ್ರೀ

*

ಬೆಟ್ಟದಪುರ
25-6-2024

ಮಧುಗೆ,

ನಿನ್ನ ಕಾಗದ 19ನೇ ತಾರೀಕು ಬಂತು. ಬಂದ ಕಾಗದಕ್ಕೆ ಉತ್ತರ ಕೊಡದೆ ಇಟ್ಕೊಳ್ಳೋ ಅಭ್ಯಾಸ ಸರ್ವಿಸಲ್ಲೇ ನನಗಿರಲಿಲ್ಲ, ಈಗಲೂ ಇಲ್ಲ. ಅದಕ್ಕೆ ಬರೀತಿದೀನಿ. ಕೋಪ ಇಳೀತು ಅಂದ್ಕೋಬೇಡ.

ಇದೇನಮ್ಮ 'ನೀವು', 'ಅಂದಿರಿ', 'ಕೇಳಿ'? ನಾನೇನು ನಿಮ್ಮ ಡೈರೆಕ್ಟರಾ? ಹುಟ್ಟಿದಾಗಿಂದ ನೀನು ಅಂತ ಕೂಗ್ಕೊಂಡು ಬಂದೋಳು, ಪೆನ್ನು ಹಿಡಿದ ತಕ್ಷಣ ಮರ್ಯಾದೆ ಬಂದ್ಬುಡ್ತಾ? ನಿಮ್ಮಮ್ಮನಿಗೆ ಓದಿ ಹೇಳಿದೆ, ನಕ್ಕು ನಕ್ಕು ಸೆರಗಲ್ಲಿ ಕಣ್ಣೊರೆಸ್ಕೊಂಡಳು.

ನೀನು ಬರೆದದ್ದು ಅರ್ಥವಾಯ್ತು. ನಾನು ಹೇಳೋದು ನಿನಗೆ ಅರ್ಥವಾಗಬೇಕು. ನಾನೂ ಕೊಯ್ದೋನೇ. ಕುಂಟೋ ದನ ಬರೋದು, ಕೊಯ್ದು ಕೀವು ತೆಗೆದು ಕಳಿಸ್ತಿದ್ವಿ, ನಡ್ಕೊಂಡು ಹೋಗೋದು. ನೀನು ನೆಟ್ಟಗೆ ನಡೆಯೋದನ್ನ ತಂದು ಕುಂಟು ಮಾಡ್ತೀಯ. ಅದು ನನಗೆ ಗಂಟಲಲ್ಲಿ ಇಳಿಯಲ್ಲ ಕಣಮ್ಮ. ಯಾರಿಗೋ ಒಳ್ಳೇದಾಗುತ್ತೆ ಅಂತೀಯ, ಆಗಲಿ. ಆ ಇಲಿಗೇನು ಬಂತು? ಎದ್ದ ಮೇಲೆ ಅವನ್ನ ಏನು ಮಾಡ್ತೀರ ಅಂತ ನೀನು ಬರೀಲೇ ಇಲ್ಲ. ನೀನು ಬರೀದೆ ಬಿಟ್ಟಿದ್ದೇ ನನಗೆ ಮೊದಲು ಕಾಣಿಸ್ತು.

ಯಾವ ಸೂಜಿ ಕೊಡ್ತೀರಿ? ದನಕ್ಕೆ ಕೊಡ್ತಿದ್ದ ಮಂಪರಿನ ಔಷಧಿನೇ ಆದ್ರೆ ಹುಷಾರು. ನಾನೂರು ಕೇಜಿ ಎತ್ತು ಒಂದೆರಡು ಎಂಎಲ್‌ಗೆ ಮಣ್ಣಿನ ಗೋಡೆ ಬಿದ್ದಂಗೆ ಬೀಳೋದು. ಇಲಿ ಎಷ್ಟು ತಡ್ಕೊಂಡೀತು?

ಹೊಟ್ಟೆ ನೋವು ಬರುತ್ತೆ, ಹೋಗುತ್ತೆ. ಹೊಗೆಸೊಪ್ಪು ಕೀಳೋ ಕಾಲ ಬಂತು, ಈಗ ಆಪರೇಷನ್ ಅಂತ ಮಲಗೋಕೆ ನನಗೆ ಪುರುಸೊತ್ತಿಲ್ಲ. ಆ ವಿಷಯ ಬುಡು.

ಚಲುವಯ್ಯ

*

ಬಿಳಿಕೆರೆ
8 ಜುಲೈ 2024

ಅಪ್ಪಾ,

ಸರಿ, ನೀನು. ನೀನು, ನೀನು, ನೀನು. ಸಮಾಧಾನ ಆಯ್ತಾ?

ತಮಾಷೆ ಮಾಡೋ ಹೊತ್ತಲ್ಲ ಇದು. ಎಂಟು ಇಲಿಗೆ ಆಪರೇಷನ್ ಮಾಡಿದೆ. ಮೂರು ಸತ್ತುಹೋದವು.

ಎಲ್ಲವನ್ನೂ ಸರಿಯಾಗಿಯೇ ಮಾಡಿದೆ ಅಪ್ಪ. ಔಷಧಿ ನೀನು ಹೇಳಿದ್ದೇ, ಜೊತೆಗೆ ಇನ್ನೊಂದು ಸೇರಿಸುತ್ತೇವೆ. ಇಲಿಗೆ ಕೇಜಿ ಲೆಕ್ಕದಲ್ಲಿ ಹಸುವಿಗಿಂತ ನೂರು ಪಟ್ಟು ಬೇಕು, ನಂಬಿದರೆ ನಂಬು. ಹಿಂಗಾಲಿನ ಬೆರಳು ಚಿವುಟಿ ನೋಡಿದೆ, ಎಳೆದುಕೊಳ್ಳಲಿಲ್ಲ. ಅವು ಕಣ್ಣು ತೆರೆದೇ ಮಲಗುತ್ತವೆ, ಕಣ್ಣು ಒಣಗಬಾರದು ಅಂತ ಮುಲಾಮು ಹಚ್ಚಿದೆ. ಕೊಯ್ದದ್ದು ನನ್ನ ಕಿರುಬೆರಳಿನ ಉಗುರಿನಷ್ಟು ಉದ್ದ. ಒಂದು ಹನಿ ರಕ್ತ ಕೂಡ ಹೆಚ್ಚಿಗೆ ಹೋಗಲಿಲ್ಲ. ಹೊಲಿಗೆ ನೋಡಿ ನಮ್ಮ ಪಶುವೈದ್ಯೆ ಸುಕನ್ಯ ಮೇಡಂ "ಯಾರು ಕಲಿಸಿದ್ದು?" ಅಂತ ಕೇಳಿದರು. ನಮ್ಮಪ್ಪ ಅಂದೆ.

ಆಮೇಲೆ ಎದ್ದೇಳುವ ಪೆಟ್ಟಿಗೆಗೆ ಹಾಕಿ ಕಾದೆ. ಐದು ಎದ್ದವು. ಮೂರು ಏಳಲಿಲ್ಲ. ಕೊನೆಯದು ಮೀಸೆ ಅಲುಗಿಸಿತು, ಎದ್ದೇಬಿಟ್ಟಿತು ಅಂದುಕೊಂಡೆ, ಅಷ್ಟೇ. ಮುಟ್ಟಿದರೆ ಮೈ ತಣ್ಣಗಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಎಷ್ಟು ಹೊತ್ತು ಉಜ್ಜಿದೆನೋ ಗೊತ್ತಿಲ್ಲ. ಪ್ರಾಣಿಮನೆ ನೋಡಿಕೊಳ್ಳುವ ಮಲ್ಲೇಶಣ್ಣ ಬಂದು "ಬುಡಿ ಮೇಡಂ, ಹೋಯ್ತು ಅದು" ಅಂದ ಮೇಲೆ ಕೆಳಗಿಟ್ಟೆ.

ಹೀಗೇ ಆದರೆ ಸಮಿತಿಯವರು ನಿಲ್ಲಿಸಿಬಿಡುತ್ತಾರೆ. ನಿಲ್ಲಿಸಿದರೆ ನನ್ನ ಮೂರು ವರ್ಷದ ಸಂಶೋಧನೆ ಹೋಯಿತು. ಆದರೆ ಈಗ ನನ್ನನ್ನು ಬಾಧಿಸುತ್ತಿರುವುದು ಅದಲ್ಲ. ನಿನ್ನ ಮಾತು ಬಾಧಿಸುತ್ತಿದೆ. ಇಲಿ ಕೊಯ್ಯೋ ಕೈ ಅಂದೆಯಲ್ಲ, ಅದು.

ನಿನಗೇನಾದರೂ ಹೊಳೆಯುತ್ತದಾ?

ಮಧು

*

ಬೆಟ್ಟದಪುರ
15-7-2024

ಮಧು,

ಕಾಗದ ಓದಿ ನನಗೂ ಊಟ ಸೇರಲಿಲ್ಲ. ಅತ್ಕೊಂಡು ಕೂರಬೇಡ.

ನಾನು ಕೇಳೋದಕ್ಕೆ ಉತ್ತರ ಕೊಡು. ಮಲಗಿಸಿದ ಮೇಲೆ ಏನು ಹೊದಿಸ್ತೀಯ? ನಾವು ಗೋಣಿಚೀಲ ಹೊದಿಸ್ತಿದ್ವಿ. ಬೇಸಿಗೇಲೂ ಹೊದಿಸ್ತಿದ್ವಿ. ಮಂಪರು ಬಂದ ಪ್ರಾಣಿಗೆ ತನ್ನ ಮೈ ಬೆಚ್ಚಗಿಟ್ಕೊಳ್ಳೋ ಶಕ್ತಿ ಇರಲ್ಲ. ಗಳಿಗೆಗೊಂದು ಸಲ ಮಗ್ಗುಲು ಬದಲಾಯಿಸ್ತೀಯ ತಾನೆ? ನಾಲಿಗೆ ಈಚೆಗೆ ಎಳೆದಿಡ್ತೀಯ?

ಹಿಂದಿನ ದಿನ ಮೇವು ಮುಟ್ಟಬಾರದು ಅನ್ನೋದು ಮರೆತಿಲ್ಲ ಅಂತ ಬರ್ದಿದ್ದೆ. ನೀರು? ನೀರು ತೆಗೆಸಿಲ್ಲ ಅಂದ್ರೆ ಅಲ್ಲೇ ಇರೋದು ತಪ್ಪು. ಹೊಟ್ಟೆಲಿರೋದು ಬಾಯಿಗೆ ಬಂದು ಎದೆಗೆ ಇಳಿದ್ರೆ ಮುಗೀತು, ಭಗವಂತ ಬಂದ್ರೂ ಏಳಿಸಕ್ಕಾಗಲ್ಲ. ಹಿಂದಿನ ಮಧ್ಯಾಹ್ನದಿಂದಲೇ ಮೇವೂ ಬೇಡ, ನೀರೂ ಬೇಡ. ಕೂಗಿದ್ರೂ ಕೊಡಬೇಡ. ಮುಖ ನೋಡಿ ಅಯ್ಯೋ ಅನ್ನಬೇಡ. ಈ ಒಂದು ವಿಷಯದಲ್ಲಿ ನಾನು ಹೇಳಿದ್ದನ್ನ ಕಣ್ಣುಮುಚ್ಚಿ ಕೇಳು.

ಹೊಲಿಗೆ ಚೆನ್ನಾಗಿದೆ ಅಂದ್ರಾ ಅವರು? ಸರಿ.

ಚಲುವಯ್ಯ

*

ಬೆಟ್ಟದಪುರ
ಆಗಸ್ಟ್ 4, ಭಾನುವಾರ

ಮಧು ಕಂದ,

ನಿಮ್ಮವ್ವ ಬರೀತಿರೋದು. ನನ್ ಬರವಣ್ಗೆ ನೋಡಿ ನಗಬ್ಯಾಡ ಕಣವ್ವ, ಏಳ್ನೇ ಕ್ಲಾಸು ಬುಟ್ಟಮ್ಯಾಕೆ ಚೀಟಿ ಬರ್ದಿದ್ದು ಬುಟ್ರೆ ಇದೇ ಮೊದ್ಲು. ಫೋನಲ್ಲಿ ಯೋಳೋಣ ಅಂದ್ರೆ ಅವ್ರು ಪಕ್ದಲ್ಲೇ ಇರ್ತಾರೆ, ಇಷ್ಟು ದಿನ ಕೇಳಿಸ್ದೇ ಇದ್ದ ಕಿವಿ ಅವಾಗ ಮಾತ್ರ ಚೂಪಾಗ್ತದೆ.

ಮಂಗಳವಾರ ಹೊಗೆಸೊಪ್ಪು ಒಣಗ್ಸೋ ಬ್ಯಾರನ್ ತಾವ ಸೊಪ್ಪು ಕಟ್ತಾ ಕೂತಿದ್ವಿ. ನಿಮ್ಮಪ್ಪ ಅಂಗೇ ಬಲಗಡೆ ಹೊಟ್ಟೆ ಹಿಡ್ಕಂಡು ಮಗ್ಗುಲಿಗೆ ವಾಲ್ಬುಟ್ರು. ಬೆವರು ಅಂದ್ರೆ ಬೆವರು. ವಾಂತಿ ನಿಲ್ಲಲೇ ಇಲ್ಲ. ಆಟೋದಲ್ಲಿ ಪಿರಿಯಾಪಟ್ಟಣಕ್ಕೆ ಕರ್ಕಂಡು ಹೋಗಿ ಡ್ರಿಪ್ಪು ಹಾಕ್ಸಿದ್ವಿ. ಎರಡು ದಿನ ಮಲಗಿದ್ರು. ಆ ಡಾಕ್ಟ್ರು ಯೋಳಿದ್ದು ನನ್ ಕಿವೀಲೇ ಕೇಳ್ದೆ: ಇನ್ನೊಂದು ಸಲ ಇಂಗೆ ಬಂದು ಒಳಗೇ ಕೀವಾದ್ರೆ ಜೀವಕ್ಕೇ ಕಷ್ಟ, ಎರಡು ತಿಂಗಳೊಳಗೆ ತೆಗೆಸ್ಬುಡಿ ಅಂತ. ಇವ್ರು ಹೂಂ ಅಂದು ಬಂದು, ಮನೆಗೆ ಬಂದಮ್ಯಾಕೆ ಊಹೂಂ ಅಂತವ್ರೆ.

ಕೆಲ್ಸ ಅಂತಾರೆ, ಸೊಪ್ಪು ಅಂತಾರೆ, ಎಲ್ಲಾ ಸುಳ್ಳು ಕಣವ್ವ. ಮೂವತ್ತು ವರ್ಷ ಬಾಳ್ವೆ ಮಾಡಿವ್ನಿ, ನಂಗೊತ್ತಾಗಲ್ವಾ? ಹೆದರ್ಕಂಡವ್ರೆ. ಕುಯ್ಯೋದಕ್ಕಲ್ಲ, ಮಲಗ್ಸೋದಕ್ಕೆ. ನಿದ್ದೇಲಿ "ಎತ್ತು ಏಳ್ಸಿ, ಎತ್ತು ಏಳ್ಸಿ" ಅಂತ ಬಡಬಡಿಸ್ತಾರೆ. ಯಾವ ಎತ್ತು ಅಂದ್ರೆ ಬಾಯಿ ಬಿಡಲ್ಲ.

ನಿನ್ ಕಾಗದ ಎಲ್ಲ ದಿಂಬಿನಡಿ ಇಟ್ಕಂಡವ್ರೆ. ನೀನೇ ಏನಾರಾ ಬರಿ. ನಾನು ಬರ್ದೆ ಅಂತ ಮಾತ್ರ ಯೋಳ್ಬ್ಯಾಡ.

ನಿಮ್ಮವ್ವ
ಸುನಂದಮ್ಮ

*

ಬಿಳಿಕೆರೆ
9 ಆಗಸ್ಟ್ 2024

ಅಪ್ಪಾ,

ಇದನ್ನು ಮೂರು ಸಲ ಬರೆದು ಹರಿದು ಹಾಕಿದೆ. ಈ ಸಲ ಏನು ಬರುತ್ತದೋ ಹಾಗೇ ಬರೆಯುತ್ತೇನೆ.

ನೀನು ಹೇಳಿದಂತೆ ನೀರನ್ನೂ ತೆಗೆಸಿದೆ. ಇನ್ನೆರಡು ಇಲಿಗೆ ಆಪರೇಷನ್ ಮಾಡಿದೆ. ಒಂದು ಸತ್ತಿತು. ಹತ್ತರಲ್ಲಿ ನಾಲ್ಕು. ಸುಕನ್ಯ ಮೇಡಂ ಆ ದಿನ ಕೋಣೆಯಿಂದ ಕದಲಲಿಲ್ಲ. ಔಷಧಿ ನೋಡಿದರು, ತಕ್ಕಡಿ ನೋಡಿದರು, ಆಮೇಲೆ ಪಂಜರ ನೋಡಿದರು. ಮೇವಿನ ಬುಟ್ಟಿ ಖಾಲಿ, ನೀರಿನ ಬಾಟಲಿ ಇಲ್ಲ. "ಇದ್ಯಾಕೆ?" ಅಂದರು. ಮಲ್ಲೇಶಣ್ಣ ನನ್ನ ಮುಖ ನೋಡಿದ. ನಾನೇ ತೆಗೆಸಿದ್ದು ಮೇಡಂ, ನಿನ್ನೆ ಮಧ್ಯಾಹ್ನದಿಂದ, ಅಂದೆ.

ಅವರು ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು. ಇಲಿಗೆ ವಾಂತಿಯೇ ಬರುವುದಿಲ್ಲವಂತೆ ಅಪ್ಪ. ಹೊಟ್ಟೆಯಲ್ಲಿರುವುದು ಬಾಯಿಗೆ ಬರುವ ದಾರಿಯೇ ಅದಕ್ಕಿಲ್ಲ. ಅದು ಇಡೀ ದಿನ ಸ್ವಲ್ಪ ಸ್ವಲ್ಪ ತಿಂದುಕೊಂಡೇ ಮೈ ಕಾವು ಉಳಿಸಿಕೊಳ್ಳುವ ಪ್ರಾಣಿ. ಇಪ್ಪತ್ತು ಗಂಟೆ ಹಸಿದರೆ ಅರ್ಧ ಜೀವ ಆಗಲೇ ಹೋಗಿರುತ್ತದೆ, ತೂಕವೂ ಇಳಿದಿರುತ್ತದೆ. ನಾನು ಹಿಂದಿನ ದಿನದ ತೂಕಕ್ಕೆ ಲೆಕ್ಕ ಹಾಕಿ ಔಷಧಿ ಕೊಟ್ಟಿದ್ದೆ. ಹಸಿದ, ತಣ್ಣಗಾದ ಮೈಗೆ ಹೆಚ್ಚಿನ ಔಷಧಿ. ಹೇಗೆ ಏಳುತ್ತವೆ?

ಸಮಿತಿ ಕೊಟ್ಟ ಕಾಗದದಲ್ಲಿ ಉಪವಾಸದ ಮಾತೇ ಇರಲಿಲ್ಲ. ಬರೆಯೋರು ಮರೆತಿದ್ದಾರೆ ಅಂದುಕೊಂಡೆ! ಅಷ್ಟು ದೊಡ್ಡವರು ಮರೆತದ್ದು ಕಾಂಪೌಂಡರ್ ಚಲುವಯ್ಯನ ಮಗಳಿಗೆ ಗೊತ್ತು ಅಂತ ಒಳಗೊಳಗೇ ಹೆಮ್ಮೆ ಪಟ್ಟೆ. ಮಲ್ಲೇಶಣ್ಣ ಮೊದಲ ದಿನವೇ "ಪಾಪ, ಹಸ್ಕಂಡವೆ ಮೇಡಂ" ಅಂದಿದ್ದ. ಸುಮ್ಮನಿರಣ್ಣ, ನಿನಗೆ ಗೊತ್ತಾಗಲ್ಲ ಅಂದಿದ್ದೆ.

ಎಲ್ಲವನ್ನೂ ಬರೆದು ಸಹಿ ಹಾಕಿ ಸಮಿತಿಗೆ ಕೊಟ್ಟೆ. ಮುಚ್ಚಿಡಲಿಲ್ಲ. ಕೆಲಸ ನಿಲ್ಲಿಸಿದ್ದಾರೆ. ಮುಂದೇನು ಅಂತ ತಿಂಗಳು ಬಿಟ್ಟು ಹೇಳುತ್ತಾರಂತೆ.

ನಿನ್ನ ಮೇಲೆ ಕೋಪ ಇದೆ ಅಪ್ಪ, ಇಲ್ಲ ಅಂದರೆ ಸುಳ್ಳಾಗುತ್ತದೆ. ಕಣ್ಣುಮುಚ್ಚಿ ಕೇಳು ಅಂದೆ, ಕೇಳಿದೆ. ಆದರೆ ಕಣ್ಣು ಮುಚ್ಚಿದ್ದು ನಾನು. ಎತ್ತಿನ ಲೆಕ್ಕವನ್ನು ಇಲಿಗೆ ಹಾಕಿದ್ದು ನಾನು. ನೀನು ಅಂದದ್ದು ಸರಿಯೇ, ಈ ಕೈಲಿ ಕೆಂಪಿಯನ್ನು ಮುಟ್ಟುವುದಿಲ್ಲ.

ಹೊಟ್ಟೆ ನೋವು ಹೇಗಿದೆ? ಬಂದು ಹೋಗುತ್ತೆ ಅಂತ ಮತ್ತೆ ಬರೆಯಬೇಡ. ನನಗೆ ಎಲ್ಲ ಗೊತ್ತು, ಹೇಗೆ ಗೊತ್ತು ಅಂತ ಕೇಳಬೇಡ. ನೀನು ಯಾಕೆ ಹೆದರುತ್ತಿದ್ದೀಯ? ಯಾವ ಎತ್ತು ಅದು?

ಮಧು

*

ಬೆಟ್ಟದಪುರ
28-8-2024

ಮಧು,

ನಿಮ್ಮಮ್ಮ ಬರೆದಳು ಅಂತ ಗೊತ್ತಾಯ್ತು. ಪೋಸ್ಟ್‌ಮ್ಯಾನು ನನಗೂ ಪರಿಚಯದವನೇ. ಅವಳಿಗೆ ಏನೂ ಅನ್ನಲಿಲ್ಲ.

ಹತ್ತೊಂಬತ್ತು ದಿನ ಉತ್ತರ ಬರೀಲಿಲ್ಲ. ಸರ್ವಿಸಲ್ಲಿ ಇಷ್ಟು ತಡ ಮಾಡಿದ್ರೆ ಮೆಮೋ ಬರೋದು.

ಎತ್ತಿನ ವಿಷಯ. 2001ರಲ್ಲಿ. ಆಗ ನಾನಿದ್ದ ಊರಿನ ಹೆಸರು ಬೇಡ. ನಂಜಣ್ಣ ಅಂತ ಒಬ್ಬ ರೈತ, ಅವನ ಜೋಡಿ ಎತ್ತಲ್ಲಿ ಒಂದಕ್ಕೆ ಕೊಂಬಿನ ಬುಡದಲ್ಲಿ ಕ್ಯಾನ್ಸರು. ಕೊಂಬು ತೆಗೀಬೇಕು ಅಂತ ಡಾಕ್ಟ್ರು ದಿನ ಕೊಟ್ರು. ಹಿಂದಿನ ದಿನವೇ ತಂದು ನಮ್ಮ ಅಂಗಳದಲ್ಲಿ ಕಟ್ಟಿಸಿದ್ವಿ, ಮೇವು ಹಾಕಬೇಡಿ ಅಂತ. ಬೆಳಿಗ್ಗೆ ನಾನು ಗೇಟು ತೆಗೆದಾಗ ಅದು ನನ್ನ ಕಡೆ ತಿರುಗಿ ಒಂದು ಸಲ ಕೂಗ್ತು. ಜೋರಾಗಿ ಅಲ್ಲ. ಹಸಿವು. ಕೊಂಬು ಕೊಳೆತು ನೊಣ ಮುತ್ತಿತ್ತು, ಮೇಲೆ ಹಸಿವು ಬೇರೆ. ಕಾಂಪೌಂಡ್ ಗೋಡೆ ಪಕ್ಕ ಹಸಿ ಗರಿಕೆ ಬೆಳೆದಿತ್ತು. ಒಂದು ಹಿಡಿ ಕಿತ್ತು ಬಾಯಿಗಿಟ್ಟೆ. ನನ್ನ ಅಂಗೈ ನೆಕ್ತು.

ಡಾಕ್ಟ್ರು ಬಂದು "ಚಲುವಯ್ಯ, ಹೊಟ್ಟೆ ಖಾಲಿ ಇದೆ ತಾನೆ?" ಅಂದ್ರು. ಖಾಲಿ ಸಾರ್ ಅಂದೆ.

ಸೂಜಿ ಕೊಟ್ಟು ಕೆಡವಿದ್ವಿ. ಕೊಂಬು ಕೊಯ್ತಾ ಇದ್ದಂಗೆ ಬಾಯಲ್ಲಿ ಮೂಗಲ್ಲಿ ಹಸಿರು ನೀರು ಬಂತು. ಉಸಿರು ಗೊರಗೊರ ಅಂತು. ಎತ್ತಿ ಕೂರಿಸೋಕೆ ಐದು ಜನ ಒದ್ದಾಡಿದ್ವಿ, ಆಗಲಿಲ್ಲ. ನಂಜಣ್ಣ ಅದರ ಕತ್ತಿನ ಗೆಜ್ಜೆಪಟ್ಟಿ ಬಿಚ್ಕೊಂಡು, ಟವಲಲ್ಲಿ ಸುತ್ಕೊಂಡು ಹೋದ. ಡಾಕ್ಟ್ರು ತಮ್ಮದೇ ತಪ್ಪು ಅಂತ ಒಂದು ವಾರ ಮಂಕಾಗಿದ್ರು. ಒಳ್ಳೆ ಮನುಷ್ಯ, ಈಗಿಲ್ಲ. ಅವರಿಗೆ ನಾನು ಹೇಳಲೇ ಇಲ್ಲ. ನಿಮ್ಮಮ್ಮನಿಗೂ ಹೇಳಿಲ್ಲ. ನಿನಗೇ ಮೊದಲು.

ಅವತ್ತಿಂದ ಉಪವಾಸ ಅಂದ್ರೆ ನಾನು ರಾಕ್ಷಸ ಆದೆ. ಊರೋರ್ಗೆಲ್ಲ ಬೈದು ಹೇಳ್ದೆ, ನಿನಗೂ ಹೇಳ್ದೆ. ಆ ಎತ್ತಿನ ಸಾವನ್ನ ನಿನ್ನ ಇಲಿ ಪಂಜರದವರೆಗೂ ನಾನೇ ಹೊತ್ಕೊಂಡು ಬಂದಂಗಾಯ್ತು. ಕೈ ವಿಷಯ ಮಾತಾಡೋಕೆ ನನಗೇನು ಯೋಗ್ಯತೆ ಇತ್ತು, ಹೇಳು. ಅವತ್ತು ಕೊಟ್ಟಿಗೇಲಿ ನಾನು ಆಡಿದ್ದು ತಪ್ಪು. ಬರವಣಿಗೇಲಿ ಕೊಡ್ತಿದೀನಿ, ಇಟ್ಕೋ.

ಆಪರೇಷನ್ನು. ಹೆದರಿಕೆ ನಿಜ. ಆ ಎತ್ತಿನ ಕಣ್ಣು ಮಂಪರಿಗೆ ಇಳಿಯೋದನ್ನ ಹತ್ತಿರದಿಂದ ನೋಡಿದೀನಿ. ಅಲ್ಲಿಗೆ ನಾನು ಇಳಿದ್ರೆ, ಆ ಕಡೆ ಅದು ಕಾಯ್ಕೊಂಡು ನಿಂತಿರುತ್ತೆ ಅನ್ಸುತ್ತೆ. ಹುಚ್ಚುತನ ಅನ್ನು, ಬೇಜಾರಿಲ್ಲ.

ಅಪ್ಪ

*

ಬಿಳಿಕೆರೆ
22 ಸೆಪ್ಟೆಂಬರ್ 2024

ಅಪ್ಪಾ, ಅಪ್ಪಾ,

ಆರಕ್ಕೆ ಆರೂ ಎದ್ದವು!

ಮೊದಲು ಇದನ್ನು ಬರೆದೆ, ಆಮೇಲೆ ಉಳಿದದ್ದು. ಸಮಿತಿಯವರು ಕರೆಸಿದ್ದರು. ಬೆವೆತು ಹೋದೆ. ಆದರೆ ತಪ್ಪನ್ನು ತಾವಾಗಿ ಬರೆದುಕೊಟ್ಟವರಿಗೆ ಇನ್ನೊಂದು ಅವಕಾಶ ಕೊಡೋಣ ಅಂದರು. ಆರು ಇಲಿ, ಸುಕನ್ಯ ಮೇಡಂ ಎದುರಿಗೆ, ಒಂದು ಸತ್ತರೂ ಕೆಲಸ ಅಲ್ಲಿಗೇ ನಿಲ್ಲುತ್ತದೆ ಅಂತ. ಬುಧವಾರ ಮಾಡಿದೆವು. ಬೆಳಿಗ್ಗೆವರೆಗೂ ಮೇವು, ನೀರು. ಅದೇ ದಿನ ತೂಕ. ಕೆಳಗೆ ಬಿಸಿ ಹಾಸು, ಮೇಲೆ ಒಂದು ಹತ್ತಿ ಬಟ್ಟೆ. ಹೊದಿಸಬೇಕು ಅಂತ ನೀನು ಹೇಳಿದ್ದೆಯಲ್ಲ, ಅದು ಎತ್ತಿಗೂ ಸರಿ, ಇಲಿಗೂ ಸರಿ. ಮೊದಲನೆಯದು ನಲವತ್ತೆರಡು ನಿಮಿಷಕ್ಕೆ ತಲೆ ಎತ್ತಿತು. ಮಲ್ಲೇಶಣ್ಣ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಪಂಜರದ ಮಟ್ಟಕ್ಕೆ ಮುಖ ಇಟ್ಟು "ಏಳು ಮಗ, ಏಳು" ಅನ್ನುತ್ತಿದ್ದ. ನಾನವನಿಗೆ ಕ್ಷಮೆ ಕೇಳಿದೆ. "ನಮ್ಮ ಮಾತು ಯಾರು ಕೇಳ್ತಾರೆ ಬುಡಿ" ಅಂತ ನಕ್ಕುಬಿಟ್ಟ.

ಎದ್ದ ಮೇಲೆ ಪಂಜರಕ್ಕೆ ಒಂದು ತುಂಡು ಕಾಗದ ಹಾಕುತ್ತೇವೆ. ಮೈ ಸುಧಾರಿಸಿದರೆ, ನೋವು ಹತೋಟಿಯಲ್ಲಿದ್ದರೆ ಅದನ್ನು ಹರಿದು ಗೂಡು ಮಾಡಿಕೊಳ್ಳುತ್ತವೆ. ಮಾರನೇ ದಿನ ಬೆಳಿಗ್ಗೆ ಹೋಗಿ ನೋಡಿದರೆ ಆರು ಪಂಜರದಲ್ಲೂ ಆರು ಗೂಡು. ಅಲ್ಲೇ ನಿಂತು ಅತ್ತುಬಿಟ್ಟೆ.

ನೀನು ಕೇಳಿದ್ದಕ್ಕೆ ಉತ್ತರ ಬಾಕಿ ಇದೆ. ಹನ್ನೆರಡು ವಾರ ಆದ ಮೇಲೆ ಇವನ್ನೂ ಮಲಗಿಸುತ್ತೇವೆ. ಆಗ ಏಳಿಸುವುದಿಲ್ಲ. ಮಂಡಿಯ ಒಳಗೆ ಏನಾಗಿದೆ ಅಂತ ನೋಡಬೇಕಲ್ಲ. ಮುಚ್ಚಿಡುವುದಿಲ್ಲ ಅಂತ ಬರೆಯುತ್ತಿದ್ದೇನೆ. ಇದಕ್ಕೆ ನನ್ನ ಹತ್ತಿರ ಸಮಾಧಾನದ ಮಾತಿಲ್ಲ. ಇರುವಷ್ಟು ದಿನ ನೋಯಬಾರದು, ಹಸಿಯಬಾರದು, ಅಷ್ಟು ನನ್ನ ಕೈಲಿದೆ.

ಈಗ ನಿನ್ನ ಎತ್ತು. ಯಾರದು ಅಂತ ಹೇಳದೆ ಸುಕನ್ಯ ಮೇಡಂಗೆ ಪೂರ್ತಿ ಹೇಳಿದೆ. ಅವರು ಕೇಳಿದ್ದು ಒಂದೇ: "ತಲೆ ಹೇಗಿಟ್ಟಿದ್ದರು? ಮೂತಿ ಕೆಳಗೆ ವಾಲಿಸಿದ್ದರಾ? ಗಂಟಲಿಗೆ ನಳಿಗೆ ಹಾಕಿದ್ದರಾ?" ನನಗೆ ಗೊತ್ತಿರಲಿಲ್ಲ. ಆಗ ಹೇಳಿದರು, ಎತ್ತಿನ ಹೊಟ್ಟೆ ಒಂದು ದಿನ ಉಪವಾಸ ಹಾಕಿದರೂ ಖಾಲಿಯಾಗುವುದಿಲ್ಲ, ಕೊಡಗಟ್ಟಲೆ ನೀರು ಮೇವು ಒಳಗೇ ಇರುತ್ತದೆ. ಮಂಪರಿನಲ್ಲಿ ನೆಲಕ್ಕೆ ಬಿದ್ದಾಗ ಅದು ಬಾಯಿಗೆ ಬರುವುದು ಯಾವ ಎತ್ತಿಗಾದರೂ ಆಗಬಹುದು. ಒಂದು ಹಿಡಿ ಹುಲ್ಲಿನಿಂದ ಸತ್ತಿತು ಅಂತ ಯಾವ ವೈದ್ಯರೂ ಹೇಳಲಾರರು. ಹಸಿರು ನೀರು ಅಂದೆಯಲ್ಲ, ಅಷ್ಟು ನೀರು ಒಂದು ಹಿಡಿ ಗರಿಕೆಯದ್ದಾ ಅಪ್ಪ? ಯೋಚನೆ ಮಾಡು. ಖಾಲಿ ಸಾರ್ ಅಂದದ್ದು ತಪ್ಪೇ, ಅದನ್ನು ನಾನು ಸರಿ ಅನ್ನುವುದಿಲ್ಲ. ಆದರೆ ಅದು ಸತ್ತದ್ದು ನಿನ್ನ ಕೈಯಿಂದ ಅಂತ ಇಪ್ಪತ್ತಮೂರು ವರ್ಷ ಹೊತ್ತೆಯಲ್ಲ, ಅದನ್ನು ಇಳಿಸು. ಅದು ಕೊನೆಗೆ ತಿಂದ ಮೇವು ಕರುಣೆಯಿಂದ ಕೊಟ್ಟದ್ದು.

ನಿನ್ನನ್ನು ಮಲಗಿಸುವವರು ಗಂಟಲಿಗೆ ನಳಿಗೆ ಹಾಕುತ್ತಾರೆ, ಪ್ರತಿ ಉಸಿರನ್ನೂ ನೋಡುತ್ತಾ ಪಕ್ಕದಲ್ಲೇ ಕೂತಿರುತ್ತಾರೆ. ಆ ಡಾಕ್ಟರಿಗೆ ಅದೊಂದೇ ಕೆಲಸ. ಇನ್ನೂರೈವತ್ತು ಗ್ರಾಂ ಇಲಿಗೇ ನಾವು ಅಷ್ಟು ನೋಡುತ್ತೇವೆ. ಆ ದಿನ ನಾನಿರುತ್ತೇನೆ. ಬಾಗಿಲ ಹೊರಗೆ, ಎದ್ದ ತಕ್ಷಣ ಒಳಗೆ.

ತಾರೀಕು ಹಾಕಿಸು.

ಮಧು

*

ಬೆಟ್ಟದಪುರ
5-10-2024

ಮಧು,

ನಿನ್ನ ಕಾಗದ ಓದಿದೆ. ಮಡಿಸಿಟ್ಟು ಹೊಲದ ಕಡೆ ಹೋಗಿ ಒಬ್ಬನೇ ಕೂತಿದ್ದು ಬಂದೆ. ನಳಿಗೆ ಹಾಕಿರಲಿಲ್ಲ. ತಲೆ ಕೆಳಗೆ ಏನೂ ಇಟ್ಟಿರಲಿಲ್ಲ. ಆಗ ನಮಗೆ ಅಷ್ಟೇ ಗೊತ್ತಿದ್ದಿದ್ದು. ನಿಮ್ಮಮ್ಮನಿಗೂ ಎಲ್ಲ ಹೇಳ್ದೆ. "ಇಷ್ಟಕ್ಕೇನಾ ಇಷ್ಟು ವರ್ಷ ನನ್ನ ನಿದ್ದೆ ಕೆಡಿಸಿದ್ದು?" ಅಂತ ಬೈದಳು, ಆಮೇಲೆ ಕೈ ಹಿಡ್ಕೊಂಡಳು.

ಹನ್ನೆರಡು ವಾರದ ಮಾತು ನನಗೆ ಈಗಲೂ ಒಪ್ಪಿಗೆಯಿಲ್ಲ. ಮುಚ್ಚಿಡದೆ ಬರೆದೆಯಲ್ಲ, ಅದು ಒಪ್ಪಿಗೆ.

ತಾರೀಕು 17, ಗುರುವಾರ. ರಜಾ ಹಾಕಿ ಬಾ.

ಅಪ್ಪ

*

ಬೆಟ್ಟದಪುರ
4-11-2024

ಮಧು ಕಂದ,

ನೀನು ವಾಪಸ್ ಹೋಗಿ ಎಂಟು ದಿನ ಆಯ್ತು. ನೀನು ಇಲಿಗೆ ಇಡೋ ಥರದ ದಾಖಲೆ ನನಗೂ ಒಂದು ಇರಲಿ ಅಂತ ಬರೆದು ಕಳಿಸ್ತಿದೀನಿ. ಫೈಲಿಗೆ ಹಾಕ್ಕೋ.

ಪ್ರಾಣಿ: ಗಂಡು, ಅರವತ್ನಾಲ್ಕು ವರ್ಷ, ಅರವತ್ತೊಂದು ಕೇಜಿ (ತೂಕ ಅದೇ ದಿನದ್ದು). ಉಪವಾಸ: ಇತ್ತು, ನಿಯಮದಷ್ಟೇ. ನನಗೆ ಎತ್ತಿನ ಲೆಕ್ಕವಾ ಇಲಿ ಲೆಕ್ಕವಾ ಅಂತ ಮಂಪರಿನ ಡಾಕ್ಟ್ರಮ್ಮನ್ನ ಕೇಳಿದ್ದಕ್ಕೆ, "ಯಜಮಾನ್ರೇ, ಮನುಷ್ಯರ ಲೆಕ್ಕ" ಅಂದ್ರು. ತಲೆ ಹೇಗಿಡ್ತೀರಿ, ನಳಿಗೆ ಎಷ್ಟು ದಪ್ಪದ್ದು, ಏನು ಹೊದಿಸ್ತೀರಿ ಅಂತ ಕೇಳ್ತಾನೇ ಇದ್ದೆ. "ಹಂಗಾದ್ರೆ ನೀವೇ ಕೊಟ್ಕೊಂಬುಡಿ" ಅಂತ ನಕ್ಕು ಸೂಜಿ ಚುಚ್ಚಿದ್ರು. ಹತ್ತರಿಂದ ಹಿಂದಕ್ಕೆ ಎಣಿಸಿ ಅಂದ್ರು. ಏಳಕ್ಕೆ ಬಂದಿದ್ದು ಗೊತ್ತು. ಎತ್ತು ಗಿತ್ತು ಯಾವುದೂ ಇರಲಿಲ್ಲ ಕಣಮ್ಮ. ಏನೂ ಇರಲಿಲ್ಲ. ಬರೀ ನಿದ್ದೆ.

ಎಚ್ಚರ: ಹನ್ನೆರಡೂಕಾಲಿಗೆ. ಮೊದಲು ಗೊತ್ತಾಗಿದ್ದು ಪಾದ. ಯಾರೋ ಕಂಬಳಿ ಒಳಗೆ ಕೈ ಹಾಕಿ ನನ್ನ ಎರಡೂ ಪಾದ ಉಜ್ಜಿ ಬೆಚ್ಚಗೆ ಮಾಡ್ತಿದ್ರು. ಕಣ್ಣು ಬಿಡೋಕೆ ಮುಂಚೆನೇ ಆ ಕೈ ಯಾರದ್ದು ಅಂತ ಗೊತ್ತಾಯ್ತು. ಮೂರು ಗಂಟೆಗೆ ಪ್ರಾಣಿ ಪೇಪರ್ ಕೇಳಿತು. ಹರಿದು ಗೂಡು ಮಾಡೋಕಲ್ಲ, ಓದೋಕೆ. ಆದ್ರೂ ಒಳ್ಳೆ ಲಕ್ಷಣ ಅಂತ ಬರ್ಕೋ.

ಈಗ ಕೆಲಸದ ಮಾತು. ಬುಧವಾರ ಕೆಂಪಿ ಬೇಲಿ ತಂತಿಗೆ ತಗುಲಿ ತೊಡೆ ಹರ್ಕೊಂತು. ಡಾಕ್ಟ್ರು ಬಂದು ಒಂಬತ್ತು ಹೊಲಿಗೆ ಹಾಕಿ ಹೋದ್ರು. ಬರೋ ಭಾನುವಾರಕ್ಕೆ ಹೊಲಿಗೆ ಬಿಚ್ಚಬೇಕು. ನಾನು ಇನ್ನೊಂದು ತಿಂಗಳು ಬಗ್ಗಬಾರದು, ಹಗ್ಗ ಎಳೀಬಾರದು. ಹೊಲಿಗೆ ಬಿಚ್ಚೋಕೆ ಬೇರೆ ಯಾರನ್ನೂ ಕರೆಯಲ್ಲ ಅಂತ ನಿಮ್ಮಮ್ಮನಿಗೆ ಹೇಳಿದೀನಿ. ಬೆಳಗಿನ ಬಸ್ಸಿಗೆ ಬಾ. ಕತ್ತರಿ ಕುದಿಸಿ ಇಟ್ಟಿರ್ತೀನಿ, ಅಮ್ಮ ಹಗ್ಗ ಹಿಡೀತಾಳೆ, ನೀನು ಬಿಚ್ಚು.

ಅದಕ್ಕೆ ನಿನ್ನ ಪರಿಚಯ ಸ್ವಲ್ಪ ತಪ್ಪಿದೆ, ತಪ್ಪಿಸಿದ್ದು ನಾನೇ. ಅದಕ್ಕೇ ಗೋಡೆ ಪಕ್ಕದ ಗರಿಕೆ ಒಂದು ಹಿಡಿ ಕಿತ್ತು ನೀರು ಚಿಮುಕಿಸಿ ಇಟ್ಟಿರ್ತೀನಿ. ಮೊದಲು ಅದನ್ನ ನಿನ್ನ ಕೈಯಾರೆ ತಿನ್ನಿಸು. ಹೊಲಿಗೆ ಬಿಚ್ಚೋಕೆ ಉಪವಾಸ ಬೇಕಾಗಿಲ್ಲ.

ದಾರಿ ನೋಡ್ತಿರೋ
ಅಪ್ಪ